ಮಾತ್ಸರ್ಯ: ಇಗರ್ಜಿ ಮತ್ತು ಮಸೀದಿಯ ಪಾಠ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಹೆದ್ದಾರಿಯ ಇಕ್ಕೆಲಗಳಲ್ಲಿ ಹೊಸ ಮನೆಗಳು ಏಳುತ್ತಲೇ ಇವೆ. ಅರೆಬರೆ ಕಟ್ಟಿದ ಒಂದು ಮನೆಯ ಮುಂದೆ ಹಳೆಯ ಅಂಗಿ ತೊಟ್ಟ ಹುಲ್ಲಿನ ಬೆದರುಬೊಂಬೆ ನೇತಾಡುತ್ತಿರುತ್ತದೆ. ಇನ್ನೊಂದು ಮನೆಯ ಹೆಬ್ಬಾಗಿಲ ಮೇಲೆ ‘ಮಾಷಾ ಅಲ್ಲಾಹ್’ ಎಂಬ ಅರಬ್ಬೀ ಬರಹವಿರುತ್ತದೆ. ಮಗದೊಂದರ ಬಾಗಿಲವಾಡದ ಮೇಲೆ ಪಾದ್ರಿಗಳು ಮಂತ್ರಿಸಿ ಕೊಟ್ಟ ಶಿಲುಬೆ ಇರುತ್ತದೆ. ಮೂರು ಮನೆಗಳ ಶ್ರದ್ಧೆ ಬೇರೆ, ಪ್ರಾರ್ಥನೆಯ ಭಾಷೆ ಬೇರೆ. ಆದರೆ ಮನೆಯ ಹಿರಿಯರನ್ನು ಕೇಳಿದರೆ ಮೂವರೂ ತಗ್ಗಿದ ದನಿಯಲ್ಲಿ ಹೇಳುವ ಮಾತು ಒಂದೇ: ಯಾರ ಕಣ್ಣೂ ಬೀಳದಿರಲಿ.

ಕಣ್ಣು ಬೀಳುತ್ತದೆಂಬ ಈ ಭಯ ಎಲ್ಲರಿಗೂ ಇದೆ. ತನ್ನ ಕಣ್ಣು ಯಾರ ಮೇಲೆ ಬೀಳುತ್ತಿದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. ಎಲ್ಲರೂ ಅಸೂಯೆಗೆ ಗುರಿಯಾದವರೇ, ಅಸೂಯೆಪಡುವವರು ಮಾತ್ರ ಯಾರೂ ಇಲ್ಲ ಎಂಬ ವಿಚಿತ್ರ ಲೆಕ್ಕಾಚಾರ ಊರಿನಲ್ಲಿ ಚಾಲ್ತಿಯಲ್ಲಿದೆ. ಕ್ರೈಸ್ತ ಮತ್ತು ಇಸ್ಲಾಂ ಪರಂಪರೆಗಳು ಈ ಲೆಕ್ಕವನ್ನು ಒಪ್ಪುವುದಿಲ್ಲ. ಅವು ಎರಡನೆಯ ಪ್ರಶ್ನೆಯನ್ನೇ ಮುಂದಿಡುತ್ತವೆ. ಆ ಪ್ರಶ್ನೆ ಕಾಸರಗೋಡಿನಲ್ಲಿ, ಅದರಲ್ಲೂ ಇಲ್ಲಿನ ಕನ್ನಡಿಗರಿಗೆ, ಇಂದು ಅತ್ಯಂತ ಪ್ರಸ್ತುತವಾದುದು.

ಮೊದಲು ಪದಗಳನ್ನು ನೋಡಬಹುದು. ಕನ್ನಡದಲ್ಲಿ ಅಸೂಯೆ, ಈರ್ಷ್ಯೆ, ಮತ್ಸರಗಳು ಸಂಸ್ಕೃತದಿಂದ ಬಂದವು, ಕರುಬು ಎಂಬುದು ಹಳಗನ್ನಡದ ಸ್ವಂತ ಸೊತ್ತು, ಹೊಟ್ಟೆಕಿಚ್ಚು ಆಡುಮಾತಿನದು. ಕಿಚ್ಚು ಎಲ್ಲಿದೆ, ಯಾರನ್ನು ಸುಡುತ್ತದೆ ಎಂಬೆರಡನ್ನೂ ಈ ಕೊನೆಯ ಪದ ಒಟ್ಟಿಗೆ ಹೇಳಿಬಿಡುತ್ತದೆ. ಈ ಜಿಲ್ಲೆಯಲ್ಲಿ ಕೇಳಿಬರುವ ಮರಾಠಿಯಲ್ಲಿ ‘ಮತ್ಸರ’ದ ಜೊತೆಗೆ ‘ಹೇವಾ’ ಎಂಬ ಇನ್ನೊಂದು ಪದವಿದೆ. ಮತ್ಸರದಲ್ಲಿರುವ ವಿಷ ಹೇವಾದಲ್ಲಿ ಅಷ್ಟಾಗಿ ಇಲ್ಲ. ಗೆಳೆಯನ ಭಾಗ್ಯವನ್ನು ಕಂಡು ‘ನಿನ್ನ ಬಗ್ಗೆ ಹೇವಾ ಎನಿಸುತ್ತದೆ’ ಎಂದು ಮುಖದೆದುರೇ ನಗುತ್ತ ಹೇಳಬಹುದು. ಮತ್ಸರವನ್ನು ಹಾಗೆ ಹೇಳಲು ಬಾರದು. ಲ್ಯಾಟಿನ್ನಿನ ‘ಇನ್ವಿದಿಯಾ’ ನೋಡು ಎಂಬ ಧಾತುವಿನಿಂದ ಹುಟ್ಟಿದ್ದು. ಕೆಟ್ಟದಾಗಿ ನೋಡುವುದೇ ಅಸೂಯೆ ಎಂಬುದು ಅದರ ಒಳಾರ್ಥ. ಅರಬ್ಬಿಯಲ್ಲಿ ‘ಹಸದ್’ ಎಂದರೆ ಇನ್ನೊಬ್ಬನಿಗೆ ದೊರೆತದ್ದು ಅವನ ಕೈತಪ್ಪಿ ಹೋಗಲಿ ಎಂಬ ಬಯಕೆ; ‘ಗಿಬ್ತಾ’ ಎಂದರೆ ಅವನಿಗೆ ಇದ್ದದ್ದು ಅವನಿಗಿರಲಿ, ತನಗೂ ಅಂಥದು ದೊರೆಯಲಿ ಎಂಬ ಬಯಕೆ. ಭಾಷೆಗಳು ಹೀಗೆ ಎರಡೆರಡು ಪದಗಳನ್ನು ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಮನುಷ್ಯನಿಗೆ ಈ ಎರಡು ಭಾವಗಳು ಸುಲಭವಾಗಿ ಬೆರೆತುಹೋಗುತ್ತವೆ.

ಬೈಬಲ್ಲಿನ ಮೊದಲ ಕೊಲೆಯೇ ಅಸೂಯೆಯದು. ಕಾಯಿನ ಮತ್ತು ಹೇಬೆಲ ಎಂಬ ಅಣ್ಣತಮ್ಮಂದಿರು ದೇವರಿಗೆ ಕಾಣಿಕೆ ಅರ್ಪಿಸುತ್ತಾರೆ; ತಮ್ಮನದು ಸ್ವೀಕೃತವಾಗುತ್ತದೆ, ಅಣ್ಣನದು ಆಗುವುದಿಲ್ಲ. ತಮ್ಮನು ಅಣ್ಣನಿಂದ ಏನನ್ನೂ ಕಸಿದುಕೊಂಡಿರಲಿಲ್ಲ ಎಂಬುದು ಗಮನಾರ್ಹ. ಕಾಯಿನನ ಮುಖ ಕಪ್ಪಿಟ್ಟಾಗ ದೇವರೇ ಅವನನ್ನು ಎಚ್ಚರಿಸುತ್ತಾನೆ. ಪಾಪ ಬಾಗಿಲಲ್ಲಿ ಹೊಂಚಿದೆ, ಅದನ್ನು ಆಳುವುದು ನಿನ್ನ ಕೈಯಲ್ಲಿದೆ ಎಂಬ ಅರ್ಥದ ಎಚ್ಚರಿಕೆ ಅದು. ಕಾಯಿನ ಕೇಳುವುದಿಲ್ಲ. ಅದೇ ಆದಿಕಾಂಡದಲ್ಲಿ ಯೋಸೇಫನ ಅಣ್ಣಂದಿರು ತಂದೆಯ ಪ್ರೀತಿಯ ಮಗನನ್ನು ಗುಂಡಿಗೆ ತಳ್ಳಿ, ಬಳಿಕ ವ್ಯಾಪಾರಿಗಳಿಗೆ ಮಾರುವ ಕಥೆಯಿದೆ. ರಾಜ ಸೌಲನು ದಾವೀದನನ್ನು ಹೊಗಳುವ ಹಾಡನ್ನು ಕೇಳಿದ ದಿನದಿಂದಲೇ ಅವನ ಮೇಲೆ ಕಣ್ಣಿಟ್ಟನೆಂದು ಇನ್ನೊಂದು ಗ್ರಂಥ ಹೇಳುತ್ತದೆ. ಹೊಸ ಒಡಂಬಡಿಕೆಗೆ ಬಂದರೆ, ಯೇಸುವನ್ನು ತನಗೆ ಒಪ್ಪಿಸಿದ್ದು ಹೊಟ್ಟೆಕಿಚ್ಚಿನಿಂದಲೇ ಎಂಬುದು ರಾಜ್ಯಪಾಲ ಪಿಲಾತನಿಗೆ ತಿಳಿದಿತ್ತೆಂದು ಮತ್ತಾಯ ಮತ್ತು ಮಾರ್ಕ ಇಬ್ಬರೂ ಬರೆದಿದ್ದಾರೆ. ತಿಳಿದೂ ಅವನು ಕೈತೊಳೆದುಕೊಂಡ. ಅಸೂಯೆಪಟ್ಟವರ ಪಾಪದ ಪಕ್ಕದಲ್ಲೇ, ಅದು ಅಸೂಯೆಯೆಂದು ಗುರುತಿಸಿಯೂ ಸುಮ್ಮನಿದ್ದವನ ಪಾಪವನ್ನೂ ಸುವಾರ್ತೆ ದಾಖಲಿಸಿದೆ.

ನಾಲ್ಕನೆಯ ಶತಮಾನದ ಸನ್ಯಾಸಿ ಇವಾಗ್ರಿಯಸ್ ಮನಸ್ಸನ್ನು ಕೆಡಿಸುವ ಎಂಟು ಚಿಂತನೆಗಳ ಪಟ್ಟಿ ಮಾಡಿದಾಗ ಅದರಲ್ಲಿ ಅಸೂಯೆ ಇರಲಿಲ್ಲ. ಆರನೆಯ ಶತಮಾನದ ಕೊನೆಗೆ ಪೋಪ್ ಒಂದನೆಯ ಗ್ರೆಗರಿ ಆ ಪಟ್ಟಿಯನ್ನು ತಿದ್ದಿ ಅಸೂಯೆಯನ್ನು ಸೇರಿಸಿದರು. ಪಿಸುಮಾತು, ಚಾಡಿ, ದ್ವೇಷ, ನೆರೆಯವನ ಕೇಡಿನಲ್ಲಿ ಹಿಗ್ಗು, ಅವನ ಏಳಿಗೆಯಲ್ಲಿ ದುಃಖ ಇವೆಲ್ಲ ಅಸೂಯೆಯ ಸಂತಾನವೆಂದು ಅವರು ಗುರುತಿಸಿದರು. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ (1225–1274) ಇನ್ನೂ ಸೂಕ್ಷ್ಮವಾದ ವಿವೇಚನೆ ನಡೆಸಿದರು. ಅವರ ಪ್ರಕಾರ ಅಸೂಯೆಯೆಂದರೆ ಪರರ ಒಳಿತಿನಿಂದ ತನ್ನ ಹಿರಿಮೆ ಕುಂದಿತೆಂದು ಪಡುವ ದುಃಖ. ಆದರೆ ಪರರ ಒಳಿತಿನ ಬಗೆಗಿನ ಎಲ್ಲ ದುಃಖವೂ ಅಸೂಯೆಯಲ್ಲ. ಶತ್ರುವಿನ ಬಲ ಹೆಚ್ಚಿದಾಗ ತನಗೆ ಕೇಡಾದೀತೆಂದು ಅಂಜುವುದು ಬೇರೆ. ತನ್ನಲ್ಲಿಲ್ಲದ ಗುಣ ಇನ್ನೊಬ್ಬನಲ್ಲಿದೆಯಲ್ಲಾ ಎಂದು ಕೊರಗಿ ಅದನ್ನು ಗಳಿಸಲು ಹೊರಡುವುದು ಬೇರೆ. ಎರಡನೆಯದು ದೋಷವಲ್ಲ, ಸದ್ಗುಣದ ವಿಷಯದಲ್ಲಾದರೆ ಪ್ರಶಂಸಾರ್ಹವೇ ಹೌದು. ಮುಂದಿನ ಶತಮಾನದ ಕವಿ ಡಾಂಟೆ ಶುದ್ಧೀಕರಣದ ಪರ್ವತದಲ್ಲಿ ಅಸೂಯಾಪರರನ್ನು ಕೂರಿಸಿ, ಅವರ ರೆಪ್ಪೆಗಳನ್ನು ಕಬ್ಬಿಣದ ತಂತಿಯಿಂದ ಹೊಲಿದು ಮುಚ್ಚಿದ ಚಿತ್ರವನ್ನು ಕೊಟ್ಟ. ತಪ್ಪು ಮಾಡಿದ ಅಂಗಕ್ಕೇ ಚಿಕಿತ್ಸೆ. ಅವರು ಒಬ್ಬರಿಗೊಬ್ಬರು ಭುಜ ಕೊಟ್ಟು ಒರಗಿ ಕುಳಿತಿರುತ್ತಾರೆ ಎಂಬ ಮಾತೂ ಅಲ್ಲಿದೆ. ನೋಡಲು ಬಾರದಾದಾಗ ಪಕ್ಕದವನ ಹೆಗಲ ಆಸರೆ ಬೇಕಾಗುತ್ತದೆ.

ಕುರ್‌ಆನ್ ಅಸೂಯೆಯ ಕಥೆಯನ್ನು ಇನ್ನೂ ಹಿಂದಿನಿಂದ ಆರಂಭಿಸುತ್ತದೆ. ಆದಮರಿಗೆ ತಲೆಬಾಗಬೇಕೆಂಬ ಆಜ್ಞೆಯನ್ನು ಇಬ್ಲೀಸ್ ತಿರಸ್ಕರಿಸುತ್ತಾನೆ. ತಾನು ಬೆಂಕಿಯಿಂದಾದವನು, ಆದಮ್ ಮಣ್ಣಿನಿಂದಾದವನು ಎಂಬುದು ಅವನ ವಾದ. ಹುಟ್ಟಿನ ಹೆಮ್ಮೆ ಮತ್ತು ಹೊಸಬನಿಗೆ ದೊರೆತ ಗೌರವದ ಬಗೆಗಿನ ಸಂಕಟ ಎರಡೂ ಆ ವಾದದಲ್ಲಿ ಹೆಣೆದುಕೊಂಡಿವೆ. ಆದಮರ ಇಬ್ಬರು ಮಕ್ಕಳ ಕಥೆಯೂ ಕುರ್‌ಆನಿನಲ್ಲಿದೆ. ಅಲ್ಲಿ ಸಹೋದರನನ್ನು ಕೊಂದವನಿಗೆ ಶವವನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ನೆಲವನ್ನು ಕೆದಕುವ ಒಂದು ಕಾಗೆ ಅವನಿಗೆ ದಾರಿ ತೋರಿಸುತ್ತದೆ. ಹಕ್ಕಿಗಿರುವಷ್ಟು ಅರಿವೂ ತನಗಿಲ್ಲವಾಯಿತಲ್ಲಾ ಎಂದು ಅವನು ಮರುಗುತ್ತಾನೆ. ಯೂಸುಫರ ಹೆಸರಿನ ಹನ್ನೆರಡನೆಯ ಅಧ್ಯಾಯದಲ್ಲಿ ತಂದೆ ಯಾಕೂಬರು ಮಗನಿಗೆ, ಕಂಡ ಕನಸನ್ನು ಅಣ್ಣಂದಿರಿಗೆ ಹೇಳಬೇಡವೆಂದು ಮೊದಲೇ ಬುದ್ಧಿ ಹೇಳುತ್ತಾರೆ. ಕೊನೆಗೆ ಅಧಿಕಾರದಲ್ಲಿರುವ ಯೂಸುಫರ ಮುಂದೆ ಅಣ್ಣಂದಿರು ತಲೆತಗ್ಗಿಸಿ ನಿಂತಾಗ ಅವರ ಮೇಲೆ ಯಾವ ಆರೋಪವೂ ಇಲ್ಲವೆಂದು ಅವರು ಕ್ಷಮಿಸುತ್ತಾರೆ. ಎರಡೂ ಧರ್ಮಗಳ ಗ್ರಂಥಗಳಲ್ಲಿ ಈ ಕಥೆ ಕ್ಷಮೆಯಲ್ಲೇ ಮುಗಿಯುತ್ತದೆ ಎಂಬುದು ಕಾಕತಾಳೀಯವಲ್ಲ.

ಕುರ್‌ಆನಿನ 113ನೆಯ ಅಧ್ಯಾಯವಾದ ‘ಅಲ್ ಫಲಕ್’ ಐದೇ ವಚನಗಳ ಪುಟ್ಟ ಪ್ರಾರ್ಥನೆ. ಕಾಸರಗೋಡಿನ ಮದ್ರಸಾಗಳಲ್ಲಿ ಮಕ್ಕಳು ಬಲು ಬೇಗನೆ ಕಂಠಪಾಠ ಮಾಡುವಂಥದು. ಅದರ ಕೊನೆಯ ವಚನ, ಅಸೂಯೆಪಡುವವನು ಅಸೂಯೆಪಟ್ಟಾಗ ಉಂಟಾಗುವ ಕೇಡಿನಿಂದ ದೇವರ ರಕ್ಷಣೆ ಬೇಡುತ್ತದೆ. ಆದರೆ ಪ್ರವಾದಿ ಮುಹಮ್ಮದರ ವಚನಗಳ ಸಂಗ್ರಹಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ಅಸೂಯೆಪಡುವವನ ಕಡೆಗೂ ತಿರುಗುತ್ತವೆ. ಬೆಂಕಿ ಸೌದೆಯನ್ನು ತಿನ್ನುವಂತೆ ಅಸೂಯೆ ಸತ್ಕರ್ಮಗಳನ್ನು ತಿಂದುಹಾಕುತ್ತದೆ ಎಂಬ ಆಶಯದ ವಚನವೊಂದು ಪ್ರಸಿದ್ಧವಾಗಿದೆ. ಕನ್ನಡದ ‘ಹೊಟ್ಟೆಕಿಚ್ಚು’ ಮತ್ತು ಅರಬ್ಬಿಯ ಈ ಉಪಮೆ ಪರಸ್ಪರ ಪರಿಚಯವಿಲ್ಲದೆಯೂ ಒಂದೇ ಒಲೆಯ ಬಳಿ ಕೂತಂತಿವೆ. ಇನ್ನೊಂದು ವಚನ ಎರಡು ಬಗೆಯ ಜನರ ವಿಷಯದಲ್ಲಿ ಮಾತ್ರ ‘ಅಸೂಯೆ’ಗೆ ಅವಕಾಶ ಕೊಡುತ್ತದೆ: ದೊರೆತ ಸಂಪತ್ತನ್ನು ಸನ್ಮಾರ್ಗದಲ್ಲಿ ವೆಚ್ಚ ಮಾಡುವವನು ಒಬ್ಬ, ದೊರೆತ ಜ್ಞಾನದಿಂದ ತೀರ್ಪು ನೀಡಿ ಅದನ್ನು ಇತರರಿಗೂ ಕಲಿಸುವವನು ಇನ್ನೊಬ್ಬ. ಇದು ಹಸದ್ ಅಲ್ಲ, ಗಿಬ್ತಾ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅಕ್ವಿನಾಸರು ಹೇಳಿದ ಪ್ರಶಂಸಾರ್ಹ ಕೊರಗೂ ಈ ಗಿಬ್ತಾವೂ ಬೇರೆಯಲ್ಲ. ಮರಾಠಿಯ ಹೇವಾ ಅದರ ನೆರೆಮನೆಯಲ್ಲೇ ಇದೆ.

ಇಮಾಮ್ ಗಝ್ಝಾಲಿ (1058–1111) ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಅಸೂಯೆಗೆ ಸುದೀರ್ಘ ವಿವೇಚನೆಯನ್ನು ಮೀಸಲಿಟ್ಟಿದ್ದಾರೆ. ಅಸೂಯೆ ಹುಟ್ಟುವುದು ದೂರದವರ ನಡುವೆ ಅಲ್ಲ, ಒಂದೇ ಗುರಿಯ ಕಡೆಗೆ ನಡೆಯುವ ಹತ್ತಿರದವರ ನಡುವೆ ಎಂಬುದು ಅವರ ಮುಖ್ಯ ವಾದ. ವಿದ್ವಾಂಸನು ವಿದ್ವಾಂಸನ ಮೇಲೆ, ವ್ಯಾಪಾರಿಯು ವ್ಯಾಪಾರಿಯ ಮೇಲೆ, ಚಮ್ಮಾರನು ಚಮ್ಮಾರನ ಮೇಲೆ ಕರುಬುತ್ತಾನೆಯೇ ಹೊರತು ಚಮ್ಮಾರನಿಗೆ ಬಟ್ಟೆ ವ್ಯಾಪಾರಿಯ ಚಿಂತೆಯಿಲ್ಲ. ಲೋಕದ ಸೊತ್ತು ಇಕ್ಕಟ್ಟಾದದ್ದು. ಒಬ್ಬನ ಕೈಗೆ ಹೋದರೆ ಇನ್ನೊಬ್ಬನಿಗೆ ಇಲ್ಲ. ಜ್ಞಾನ ಹಾಗಲ್ಲ, ಒಬ್ಬನು ಹೆಚ್ಚು ಅರಿತರೆ ಇನ್ನೊಬ್ಬನ ಅರಿವು ಕಡಿಮೆಯಾಗುವುದಿಲ್ಲ. ಹಾಗಾದರೆ ಜ್ಞಾನಿಗಳೇಕೆ ಕರುಬುತ್ತಾರೆ? ಅವರು ಜ್ಞಾನದಿಂದ ಸ್ಥಾನವನ್ನೂ ಹೊಗಳಿಕೆಯನ್ನೂ ಬಯಸಿದಾಗ. ಸ್ಥಾನಗಳು ಇಕ್ಕಟ್ಟಾದವು. ಗಝ್ಝಾಲಿಯವರು ಸೂಚಿಸುವ ಮದ್ದು ಉಪದೇಶದ್ದಲ್ಲ, ಕ್ರಿಯೆಯದು: ನಿಂದಿಸಬೇಕೆನಿಸಿದವನನ್ನು ನಾಲಗೆಗೆ ಬಲವಂತ ಮಾಡಿಯಾದರೂ ಹೊಗಳಬೇಕು, ಕೈ ಹಿಂದೆಗೆಯಬೇಕೆನಿಸಿದಲ್ಲಿ ಕೊಡಬೇಕು. ಕಹಿಯಾದ ಮದ್ದೆಂದು ಅವರೇ ಒಪ್ಪುತ್ತಾರೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅಸೂಯೆ ಬೇಡ, ದೇವರು ಕೊಟ್ಟದ್ದರಲ್ಲಿ ತೃಪ್ತಿಯಿರಲಿ ಎಂಬ ಉಪದೇಶವನ್ನು ಉಳ್ಳವರು ಇಲ್ಲದವರ ಬಾಯಿ ಮುಚ್ಚಿಸಲು ಬಳಸಿದ್ದುಂಟು. ನ್ಯಾಯ ಕೇಳಿದವನಿಗೆ ‘ನಿನ್ನದು ಹೊಟ್ಟೆಕಿಚ್ಚು’ ಎಂದುಬಿಟ್ಟರೆ ವಾದ ಮುಗಿಯಿತು. ಈ ದುರ್ಬಳಕೆಗೆ ಉತ್ತರ ಆ ಗ್ರಂಥಗಳಲ್ಲೇ ಇದೆ. ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿತೋಟದ ಕೂಲಿಯವರ ಸಾಮತಿ ಬರುತ್ತದೆ. ಬೆಳಗಿನಿಂದ ದುಡಿದವರಿಗೂ ಸಂಜೆ ಒಂದು ಗಂಟೆ ಮಾತ್ರ ದುಡಿದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಮೊದಲಿನವರು ಗೊಣಗುತ್ತಾರೆ. ಒಪ್ಪಿದ ಕೂಲಿ ಅವರ ಕೈಸೇರಿದೆ. ಹೀಗಿರುವಾಗ ತನ್ನ ಔದಾರ್ಯವನ್ನು ಕಂಡು ಅವರ ಕಣ್ಣೇಕೆ ಕೆಡಬೇಕೆಂದು ಯಜಮಾನ ಕೇಳುತ್ತಾನೆ. ಒಂದು ವೇಳೆ ಆ ಕೂಲಿಯೇ ಕೈಸೇರದಿದ್ದರೆ? ಅದೇ ಹೊಸ ಒಡಂಬಡಿಕೆಯ ಯಾಕೋಬನ ಪತ್ರ ಕೆಲಸಗಾರರ ಕೂಲಿಯನ್ನು ಹಿಡಿದಿಟ್ಟ ಶ್ರೀಮಂತರನ್ನು ಕಟುವಾಗಿ ಖಂಡಿಸುತ್ತದೆ. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿವಚನವಿದೆ. ಆದ್ದರಿಂದ ಗೆರೆ ಸ್ಪಷ್ಟವಾಗಿದೆ. ತನಗೆ ಸಲ್ಲಬೇಕಾದ ಕೂಲಿಯನ್ನು ಕೇಳುವುದು ನ್ಯಾಯ. ಪಕ್ಕದವನಿಗೂ ಕೂಲಿ ದೊರೆತದ್ದಕ್ಕೆ ಸಂಕಟಪಡುವುದು ಅಸೂಯೆ.

ಈ ಗೆರೆಯನ್ನು ಕಾಸರಗೋಡಿನ ಕನ್ನಡಿಗರು ತಮ್ಮ ಅಂಗಳದಲ್ಲೇ ಎಳೆದುಕೊಳ್ಳಬೇಕಾಗಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು, ಅದು ಕಾರ್ಯಗತವಾಗಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಕೂಡ ಅದೇ 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಸರಕಾರಿ ಅರ್ಜಿ ನಮೂನೆ ಕನ್ನಡದಲ್ಲಿಯೂ ಇರಬೇಕು ಎಂಬ ಬೇಡಿಕೆಗಳು ಹಿಡಿದಿಟ್ಟ ಕೂಲಿಯ ಬೇಡಿಕೆಗಳು. ಅವುಗಳಲ್ಲಿ ಅಸೂಯೆಯ ಲೇಶವೂ ಇಲ್ಲ. ಅವುಗಳನ್ನು ಕೈಬಿಡುವುದು ತೃಪ್ತಿಯಲ್ಲ, ಕರ್ತವ್ಯಲೋಪ.

ಆದರೆ ಅದೇ ಸಭೆಯ ಅದೇ ಭಾಷಣದಲ್ಲಿ ಇನ್ನೊಂದು ದನಿಯೂ ನುಸುಳುತ್ತದೆ. ಮಲಯಾಳದ ಪುಸ್ತಕಗಳು ಇಷ್ಟು ಮಾರಾಟವಾಗುತ್ತವಲ್ಲಾ, ಮಲಯಾಳದ ವಾಚನಾಲಯ ತುಂಬಿರುತ್ತದಲ್ಲಾ ಎಂಬ ನಿಟ್ಟುಸಿರು ಅದು. ಕೇರಳದ ಗ್ರಂಥಾಲಯ ಚಳವಳಿಯಿಂದ ಕಲಿಯಬೇಕೆಂಬ ಹಟವಾಗಿ ಆ ನಿಟ್ಟುಸಿರು ಬೆಳೆದರೆ ಅದು ಗಿಬ್ತಾ. ಮಲಯಾಳವೇ ಕುಂದಲಿ ಎಂಬ ಶಾಪವಾಗಿ ತಿರುಗಿದರೆ ಅದು ಹಸದ್. ನ್ಯಾಯದ ಬೇಡಿಕೆಗೆ ಹಸದ್ ಬೆರೆತಾಗ ಬೇಡಿಕೆಯೇ ದುರ್ಬಲವಾಗುತ್ತದೆ, ಏಕೆಂದರೆ ಎದುರಿಗಿರುವವರು ಕಿಚ್ಚನ್ನು ತೋರಿಸಿ ಕೂಲಿಯನ್ನು ಮರೆಸಿಬಿಡುತ್ತಾರೆ. ಇದಕ್ಕೊಂದು ಸರಳ ಪರೀಕ್ಷೆಯಿದೆ. ಮಹಾಜನ ಆಯೋಗದ ಅದೇ ವರದಿ ಬೆಳಗಾವಿಯನ್ನು ಕರ್ನಾಟಕದಲ್ಲೇ ಉಳಿಸಬೇಕೆಂದಿತು. ಕಾಸರಗೋಡಿನ ಕನ್ನಡ ಮಗುವಿಗೆ ಕೇಳುವ ಹಕ್ಕನ್ನು ಬೆಳಗಾವಿಯ ಮರಾಠಿ ಮಗುವಿಗೂ ಮನಸಾರೆ ಒಪ್ಪಬಲ್ಲವನ ಬೇಡಿಕೆ ನ್ಯಾಯದ್ದು. ತನಗೆ ಬಯಸಿದ್ದನ್ನು ಸಹೋದರನಿಗೂ ಬಯಸುವ ತನಕ ವಿಶ್ವಾಸ ಪೂರ್ಣವಾಗದೆಂಬ ಪ್ರವಾದಿಯ ಮಾತೂ, ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಬೈಬಲ್ಲಿನ ಆಜ್ಞೆಯೂ ಇಲ್ಲಿ ಭಾಷಾನೀತಿಯಾಗುತ್ತವೆ.

ಹೆದ್ದಾರಿಯ ಬದಿಯ ಆ ಹೊಸ ಮನೆಗಳ ವಿಷಯವೂ ಹೀಗೆಯೇ. ಚಹಾದಂಗಡಿಯಲ್ಲಿ ‘ಎಲ್ಲಿಂದ ಬಂತು ಇಷ್ಟು ಹಣ’ ಎಂಬ ಪ್ರಶ್ನೆ ಹುಟ್ಟುತ್ತದೆ. ಅದರ ಉತ್ತರ ಎಲ್ಲರಿಗೂ ಗೊತ್ತಿದೆ: ಕೊಲ್ಲಿಯ ಬಿಸಿಲಿನಿಂದ ಬಂತು, ಮಕ್ಕಳು ಬೆಳೆಯುವುದನ್ನು ಫೋನಿನಲ್ಲಷ್ಟೇ ಕಂಡ ತಂದೆಯರಿಂದ ಬಂತು. ಮನೆಯನ್ನು ಕಾಣುವ ಕಣ್ಣಿಗೆ ಆ ವರ್ಷಗಳು ಕಾಣುವುದಿಲ್ಲ. ಆ ಕಾಣದ ಭಾಗಕ್ಕೆ ಪಿಸುಮಾತು ಬಂದು ಕೂರುತ್ತದೆ. ಒಬ್ಬನ ಮನೆಯ ಮೇಲಿನ ಕರುಬು ಅವನ ಇಡೀ ಸಮುದಾಯದ ಮೇಲಿನ ಸಂಶಯವಾಗಿ ಬೆಳೆಯಲು ಹೆಚ್ಚು ದಿನ ಬೇಡ. ಗ್ರೆಗರಿಯವರು ಕಟ್ಟಿದ ಸಂತಾನದ ಪಟ್ಟಿ ಇಂಥ ಅಂಗಡಿಯ ಬೆಂಚಿನ ಮೇಲೆ ಕ್ರಮವಾಗಿ ಬಂದು ಕೂರುವುದನ್ನು ಯಾವ ಊರಿನಲ್ಲೂ ಕಾಣಬಹುದು. ಅಲ್ಲಿ ಜಾತಿಮತದ ಭೇದವಿಲ್ಲ.

ವಿದ್ಯಾವಂತರು ಇದಕ್ಕೆ ಹೊರತೆಂದು ಭಾವಿಸುವಂತಿಲ್ಲ. ಗಝ್ಝಾಲಿಯವರ ಮಾತು ನೇರವಾಗಿ ತಗಲುವುದು ಅವರಿಗೇ. ಗಡಿನಾಡಿನ ಕನ್ನಡ ಲೋಕ ಚಿಕ್ಕದು. ಹುದ್ದೆಗಳು ಕಡಿಮೆ, ವೇದಿಕೆಗಳು ಕಡಿಮೆ, ಪ್ರಶಸ್ತಿಗಳು ಇನ್ನೂ ಕಡಿಮೆ. ಜಾಗ ಕಿರಿದಾದಷ್ಟೂ ಮೊಣಕೈ ಹೆಚ್ಚು ತಾಗುತ್ತದೆ. ಸಹೋದ್ಯೋಗಿಯ ಪುಸ್ತಕ ಬಿಡುಗಡೆಯಾದಾಗ ಅದರ ಅಚ್ಚಿನ ತಪ್ಪುಗಳೇ ಮೊದಲು ಕಣ್ಣಿಗೆ ಬೀಳುವುದೇಕೆ? ಗುಣವಿದ್ದಲ್ಲಿ ದೋಷವನ್ನು ಆರೋಪಿಸುವುದೇ ಅಸೂಯೆಯೆಂದು ಸಂಸ್ಕೃತ ಕೋಶಕಾರರು ಅರ್ಥ ಹೇಳಿದ್ದಾರೆ. ತಾಳಮದ್ದಳೆಯಲ್ಲಿ ಮಯಸಭೆಯ ಕೌರವನನ್ನು ಕಂಡು ಸಭಿಕರು ನಗುತ್ತಾರೆ. ಆದರೆ ಆ ಕೌರವನಿಗೆ ಹಸ್ತಿನಾವತಿಯ ಸಿರಿಯೇನೂ ಕಡಿಮೆಯಿರಲಿಲ್ಲ.

ಇದಕ್ಕೆ ವಿರುದ್ಧವಾದ ಮಾದರಿಗಳೂ ಈ ಕರಾವಳಿಯಲ್ಲೇ ಇವೆ. ಮಂಜೇಶ್ವರದ ಗೋವಿಂದ ಪೈ (1883–1963) ಮನೆಮಾತು ಕೊಂಕಣಿಯಾಗಿದ್ದರೂ ಕನ್ನಡದ ಕವಿಯಾದವರು. ಕ್ರೈಸ್ತರಾಗದೆಯೇ ಅವರು ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯವಾಗಿಸಿದರು. ಬೌದ್ಧರಾಗದೆಯೇ ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಹಾಡಿದರು. ಇಂಗ್ಲೆಂಡಿನಿಂದ ಗೋವೆಗೆ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿಯ ಸೊಬಗಿಗೆ ಮನಸೋತು, ಅದನ್ನು ಹೊಗಳಿ, ಅದರ ಓವಿ ಛಂದಸ್ಸಿನಲ್ಲೇ ‘ಕ್ರಿಸ್ತಪುರಾಣ’ವನ್ನು ರಚಿಸಿದರು. 1616ರಲ್ಲಿ ಮೊದಲು ಅಚ್ಚಾದ ಆ ಕೃತಿ ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ಕ್ರೈಸ್ತರ ನಾಲಗೆಯ ಮೇಲೆ ಉಳಿದು, 1907ರಲ್ಲಿ ಮಂಗಳೂರಿನಲ್ಲಿ ಜೋಸೆಫ್ ಸಲ್ಡಾನಾ ಅವರ ಸಂಪಾದಕತ್ವದಲ್ಲಿ ಮತ್ತೆ ಅಚ್ಚಾಯಿತು. ತಳಂಗರೆಯ ಟಿ. ಉಬೈದ್ (1908–1972) ಕನ್ನಡದಲ್ಲಿ ಶಾಲೆ ಕಲಿತು ಮಲಯಾಳದ ಕವಿಯಾದರು, ಮಾಪಿಳ್ಳೆ ಹಾಡುಗಳ ಸಿರಿಯನ್ನು ಲೋಕಕ್ಕೆ ತೋರಿಸಿದರು. ಇವರೆಲ್ಲ ಪಕ್ಕದ ಅಂಗಳದ ಸಂಪತ್ತನ್ನು ಕಂಡವರು. ಅದು ಅಲ್ಲಿಯೇ ಇರಲೆಂದು ಹಾರೈಸಿ, ತಮ್ಮ ಕೈಲಾದುದನ್ನು ಅದಕ್ಕೆ ಸೇರಿಸಿದವರು.

ಇಸ್ಲಾಮೀ ಪರಂಪರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಸ್ನಾನ ಮಾಡುತ್ತಿದ್ದ ಸಹ್ಲ್ ಎಂಬವರ ಮೈಬಣ್ಣವನ್ನು ಕಂಡು ಆಮಿರ್ ಎಂಬವರು ಬೆರಗಿನ ಮಾತಾಡುತ್ತಾರೆ. ಸಹ್ಲ್ ಅಲ್ಲೇ ಅಸ್ವಸ್ಥರಾಗಿ ಕುಸಿಯುತ್ತಾರೆ. ವಿಷಯ ತಿಳಿದ ಪ್ರವಾದಿಯವರು ಸಹ್ಲ್‌ರಿಗೆ ತಾಯಿತ ಕಟ್ಟಿಕೊಳ್ಳಲು ಹೇಳಲಿಲ್ಲ. ನೋಡಿದವನ ಕಡೆಗೆ ತಿರುಗಿ, ಸಹೋದರನನ್ನು ಕೊಲ್ಲುವುದೇಕೆ, ಅವನಿಗೆ ಶುಭ ಕೋರಬಾರದಿತ್ತೇ ಎಂದು ಕೇಳಿದರು. ಕರ್ತವ್ಯ ನೋಡುವವನದು. ‘ಮಾಷಾ ಅಲ್ಲಾಹ್’ ಗೋಡೆಯ ಮೇಲಿರುವುದು ಮನೆಯೊಡೆಯನಿಗೆ ಸಮಾಧಾನ ತಂದೀತು. ಅದು ಸಲ್ಲಬೇಕಾದದ್ದು ದಾರಿಹೋಕನ ನಾಲಗೆಯ ಮೇಲೆ.

ಲೂಕನ ಸುವಾರ್ತೆಯ ದುಂದುಗಾರ ಮಗನ ಸಾಮತಿಯಲ್ಲಿ, ಮರಳಿ ಬಂದ ತಮ್ಮನಿಗಾಗಿ ಮನೆಯೊಳಗೆ ಔತಣ ನಡೆಯುತ್ತಿರುತ್ತದೆ. ಹೊಲದಿಂದ ಬಂದ ಅಣ್ಣ ಒಳಗೆ ಹೋಗಲೊಲ್ಲದೆ ಹೊರಗೆ ನಿಲ್ಲುತ್ತಾನೆ. ತಂದೆಯೇ ಹೊರಬಂದು, ತನ್ನದೆಲ್ಲವೂ ಅವನದೇ ಎಂದು ಹೇಳಿ ಬೇಡಿಕೊಳ್ಳುತ್ತಾನೆ. ಅಣ್ಣ ಒಳಗೆ ಹೋದನೇ ಇಲ್ಲವೇ ಎಂಬುದನ್ನು ಲೂಕ ಹೇಳಲಿಲ್ಲ. ಕಾಸರಗೋಡಿನ ಅಂಗಳದಲ್ಲಿಯೂ ಹಲವರು ಹಾಗೆಯೇ ನಿಂತಿದ್ದಾರೆ. ಒಳಗಿನ ಹಾಡು ಅವರಿಗೆ ಕೇಳಿಸುತ್ತಿದೆ.